ದಾರಿಗೂ ಒಂದು ಪಾಳಿ

ಮಳೆಗಾಲ ಕಳೆದು ಚಳಿ ಮೊದಲಾಗುವ ಹೊತ್ತಿಗೆ ಕೃಷ್ಣಾ ಮತ್ತು ಘಟಪ್ರಭಾ ನದಿಗಳ ಸೀಮೆಯಲ್ಲಿ ಕಬ್ಬು ನುರಿಸುವ ಹಂಗಾಮು ಆರಂಭವಾಗುತ್ತದೆ. ಆಗ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ರಸ್ತೆಗಳಿಗೆ ಹಗಲು ರಾತ್ರಿಗಳ ಭೇದವಿರುವುದಿಲ್ಲ. ಎರಡೆರಡು ಟ್ರೇಲರುಗಳಿಗೆ ಆಳೆತ್ತರ ಮೀರಿ ಕಬ್ಬು ಹೇರಿಕೊಂಡ ಟ್ರ್ಯಾಕ್ಟರುಗಳು ಸಾಲುಗಟ್ಟಿ ಸಕ್ಕರೆ ಕಾರ್ಖಾನೆಗಳತ್ತ ಸಾಗುತ್ತವೆ. ಅವುಗಳ ಹಿಂದೆ ಮುಂದೆ ಚಕ್ಕಡಿಗಳು, ಸಾರಿಗೆ ಬಸ್ಸುಗಳು, ಶಾಲೆಗೆ ಹೊರಟ ಮಕ್ಕಳ ಸೈಕಲ್ಲುಗಳು, ಬನಹಟ್ಟಿಯ ಮಗ್ಗಗಳಲ್ಲಿ ನೇಯ್ದ ಸೀರೆಗಳ ಗಂಟು ಹೊತ್ತ ವಾಹನಗಳು, ಆಸ್ಪತ್ರೆಗೆ ಧಾವಿಸುವ ಆಂಬುಲೆನ್ಸು. ಇವೆಲ್ಲವೂ ಒಂದೇ ರಸ್ತೆಯನ್ನು ಹಂಚಿಕೊಳ್ಳಬೇಕು. ಹಂಗಾಮು ಬಂದಿತೆಂದು ರಸ್ತೆಯ ಅಗಲ ಹೆಚ್ಚುವುದಿಲ್ಲ. ಹಂಗಾಮು ಮುಗಿಯಿತೆಂದು ಕುಗ್ಗುವುದೂ ಇಲ್ಲ. ಅದರ ಮೇಲಿನ ಹೊರೆ ಮಾತ್ರ ತಿಂಗಳಿಂದ ತಿಂಗಳಿಗೆ, ಗಂಟೆಯಿಂದ ಗಂಟೆಗೆ ಬದಲಾಗುತ್ತಲೇ ಇರುತ್ತದೆ.

ರಸ್ತೆ ಸಾಲದಾದಾಗ ಯಾರಿಗಾದರೂ ಮೊದಲು ಹೊಳೆಯುವ ಉಪಾಯ ಅದನ್ನು ಅಗಲಗೊಳಿಸುವುದು. ಅನೇಕ ಕಡೆಗಳಲ್ಲಿ ಅದು ಅವಶ್ಯವೂ ಹೌದು. ಆದರೆ ಅಗಲಗೊಳಿಸಲು ಹಣ ಬೇಕು, ಕಾಲ ಬೇಕು, ಎಲ್ಲಕ್ಕಿಂತ ಮಿಗಿಲಾಗಿ ನೆಲ ಬೇಕು. ನೀರಾವರಿಯ ಕಪ್ಪುಮಣ್ಣಿನ ಹೊಲವನ್ನು ರಸ್ತೆಗೆ ಬಿಟ್ಟುಕೊಡುವುದು ರೈತನಿಗೆ ಸುಲಭವಲ್ಲ. ಪೇಟೆಯ ನಡುವೆಯಂತೂ ಮನೆ ಮಳಿಗೆಗಳನ್ನು ಕೆಡವದೆ ರಸ್ತೆ ಹಿಗ್ಗದು. ದಿನದಲ್ಲಿ ಎರಡು ಮೂರು ತಾಸು ಮಾತ್ರ ತುಂಬಿ, ಉಳಿದ ಹೊತ್ತಿನಲ್ಲಿ ಬರಿದಾಗಿರುವ ದಾರಿಗೆ ಇಷ್ಟೆಲ್ಲ ವೆಚ್ಚ ಮಾಡುವುದು ಎಷ್ಟು ಉಚಿತ ಎಂಬ ಪ್ರಶ್ನೆಯೂ ಏಳುತ್ತದೆ. ಇರುವ ರಸ್ತೆಯನ್ನೇ ಹೊತ್ತಿಗೆ ತಕ್ಕಂತೆ ಬೇರೆ ಬೇರೆ ರೀತಿಯಲ್ಲಿ ಬಳಸಲು ಸಾಧ್ಯವೇ ಎಂದು ಜಗತ್ತಿನ ದೊಡ್ಡ ನಗರಗಳ ಎಂಜಿನಿಯರುಗಳು ಯೋಚಿಸಿದರು. ಅವರ ಯೋಚನೆಯ ಫಲವೇ ಸಕ್ರಿಯ ಸಂಚಾರ ನಿರ್ವಹಣೆ. ರಸ್ತೆಯ ಸ್ಥಿತಿಯನ್ನು ಕ್ಷಣಕ್ಷಣಕ್ಕೂ ಗಮನಿಸಿ, ವೇಗದ ಮಿತಿಯನ್ನೂ ಪಥಗಳ ಬಳಕೆಯನ್ನೂ ಅದಕ್ಕೆ ಹೊಂದುವಂತೆ ಬದಲಾಯಿಸುವ ಕ್ರಮವಿದು.

ಈ ಕ್ರಮವನ್ನು ಅರಿಯಬೇಕಾದರೆ ವಾಹನಗಳ ಹರಿವು ಹೇಗೆ ಕೆಡುತ್ತದೆ ಎಂಬುದನ್ನು ಮೊದಲು ತಿಳಿಯಬೇಕು. ಒಂದು ಪಥದಲ್ಲಿ ವಾಹನಗಳು ಒಂದರ ಹಿಂದೊಂದು ಸಾಗುವಾಗ ನಡುವೆ 2 ಸೆಕೆಂಡುಗಳ ಅಂತರವಿದ್ದರೆ ಕ್ಷೇಮ. ಒಂದು ಗಂಟೆಗೆ 3600 ಸೆಕೆಂಡುಗಳು. ಆದುದರಿಂದ ಆ ಪಥದ ಒಂದು ಬಿಂದುವನ್ನು ಗಂಟೆಗೆ ಸುಮಾರು 1800 ವಾಹನಗಳು ದಾಟಬಹುದು. ಅದಕ್ಕಿಂತ ಹೆಚ್ಚು ವಾಹನಗಳು ನುಗ್ಗಿದಾಗ ಅಂತರ ಕಿರಿದಾಗುತ್ತದೆ. ಮುಂದಿನವನು ತುಸು ಬ್ರೇಕು ಒತ್ತಿದರೆ ಹಿಂದಿನವನು ಇನ್ನೂ ಬಲವಾಗಿ ಒತ್ತುತ್ತಾನೆ. ಅವನ ಹಿಂದಿನವನು ನಿಂತೇಬಿಡುತ್ತಾನೆ. ಹೀಗೆ ನಿಲುಗಡೆಯೊಂದು ಅಲೆಯಾಗಿ ಹಿಂದಕ್ಕೆ ಸರಿಯುತ್ತಾ ಹೋಗುತ್ತದೆ. ಅಪಘಾತವಾಗಿಲ್ಲ, ರಸ್ತೆ ಕೆಟ್ಟಿಲ್ಲ. ಆದರೂ ವಾಹನಗಳು ನಿಂತಿವೆ.

ಇದು ಬರಿಯ ಊಹೆಯಲ್ಲ. ಜಪಾನಿನ ನಗೋಯಾ ವಿಶ್ವವಿದ್ಯಾಲಯದ ಯೂಕಿ ಸುಗಿಯಾಮಾ ಮತ್ತು ಸಂಗಡಿಗರು 230 ಮೀಟರ್ ಸುತ್ತಳತೆಯ ವೃತ್ತಾಕಾರದ ದಾರಿಯಲ್ಲಿ 22 ಕಾರುಗಳನ್ನು ಓಡಿಸಿ ನೋಡಿದರು. ಎಲ್ಲರೂ ಗಂಟೆಗೆ ಸುಮಾರು 30 ಕಿಲೋಮೀಟರ್ ವೇಗದಲ್ಲಿ ಸಮನಾಗಿ ಸಾಗಬೇಕೆಂದು ಚಾಲಕರಿಗೆ ತಿಳಿಸಲಾಗಿತ್ತು. ದಾರಿಯಲ್ಲಿ ಸಿಗ್ನಲ್ ಇರಲಿಲ್ಲ, ತಿರುವು ಇಕ್ಕಟ್ಟುಗಳಿರಲಿಲ್ಲ. ಆದರೂ ಸ್ವಲ್ಪ ಹೊತ್ತಿನಲ್ಲೇ ಕೆಲವು ಕಾರುಗಳು ನಿಂತವು. ಆ ನಿಲುಗಡೆ ಕಾರುಗಳು ಸಾಗುವ ದಿಕ್ಕಿಗೆ ವಿರುದ್ಧವಾಗಿ ಸರಿಯತೊಡಗಿತು. 2008ರಲ್ಲಿ ಪ್ರಕಟವಾದ ಈ ಪ್ರಯೋಗ ಒಂದು ಸಂಗತಿಯನ್ನು ಸ್ಪಷ್ಟಪಡಿಸಿತು: ದಾರಿ ತುಂಬಿರುವಾಗ ಪ್ರತಿಯೊಬ್ಬರ ಸಣ್ಣ ಅವಸರ, ಸಣ್ಣ ಹಿಂಜರಿಕೆಗಳೇ ಸೇರಿ ಎಲ್ಲರನ್ನೂ ನಿಲ್ಲಿಸಬಲ್ಲವು.

ರೋಗದ ಮೂಲ ತಿಳಿದ ಮೇಲೆ ಚಿಕಿತ್ಸೆಯ ದಾರಿಯೂ ತೆರೆಯಿತು. ಮೊದಲನೆಯದು ವೇಗದ ಹೊಂದಾಣಿಕೆ. ಲಂಡನ್ ನಗರವನ್ನು ಬಳಸಿ ಸಾಗುವ ಎಂ 25 ಎಂಬ ಹೆದ್ದಾರಿಯ ಒಂದು ಭಾಗದಲ್ಲಿ 1995ರಲ್ಲಿ ಬದಲಾಗುವ ವೇಗಮಿತಿಯನ್ನು ಜಾರಿಗೆ ತರಲಾಯಿತು. ರಸ್ತೆಯೊಳಗೆ ಹೂತಿರುವ ತಂತಿಯ ಸುರುಳಿಗಳು ಮೇಲೆ ಹಾಯುವ ವಾಹನಗಳನ್ನು ಎಣಿಸುತ್ತವೆ. ಸಂಖ್ಯೆ ಒಂದು ಮಟ್ಟವನ್ನು ಮೀರಿದೊಡನೆ ರಸ್ತೆಯ ಮೇಲಿನ ಕಮಾನುಗಳಲ್ಲಿ ಕಡಿಮೆ ವೇಗದ ಅಂಕಿ ಬೆಳಗುತ್ತದೆ. ಬಿಡುವಿನ ಹೊತ್ತಿನಲ್ಲಿ ಗಂಟೆಗೆ ಸುಮಾರು 112 ಕಿಲೋಮೀಟರ್ ಇರುವ ಮಿತಿ ದಟ್ಟಣೆಯ ಹೊತ್ತಿನಲ್ಲಿ 96ಕ್ಕೆ, ಇನ್ನೂ ಹೆಚ್ಚಿದರೆ 80ಕ್ಕೆ ಇಳಿಯುತ್ತದೆ. ವೇಗ ತಗ್ಗಿಸಿದರೆ ತಡವಾಗುವುದಿಲ್ಲವೇ ಎಂದು ಯಾರಾದರೂ ಕೇಳಬಹುದು. ಎಲ್ಲರೂ ಒಂದೇ ವೇಗದಲ್ಲಿ ಸಾಗಿದಾಗ ಬ್ರೇಕು ಒತ್ತುವ ಪ್ರಸಂಗ ಕಡಿಮೆ. ಬ್ರೇಕು ಕಡಿಮೆಯಾದರೆ ನಿಲುಗಡೆಯ ಅಲೆಯೂ ಕಡಿಮೆ. ಒಮ್ಮೆ ಧಾವಿಸಿ ಒಮ್ಮೆ ನಿಲ್ಲುವವನಿಗಿಂತ ಹದವಾಗಿ ನಡೆಯುವವನು ಬೇಗ ಊರು ಸೇರುತ್ತಾನೆ.

ಎರಡನೆಯ ಉಪಾಯ ಹೆದ್ದಾರಿಗೆ ಬಂದು ಸೇರುವ ವಾಹನಗಳ ನಿಯಂತ್ರಣ. ಇದನ್ನು ಅರಿಯಲು ಕಾಲುವೆಯ ನೀರಿನ ಹಂಚಿಕೆಯನ್ನು ನೆನೆದರೆ ಸಾಕು. ಘಟಪ್ರಭಾ ಎಡದಂಡೆ ಕಾಲುವೆ ಮುಧೋಳ, ಜಮಖಂಡಿ, ಬೀಳಗಿಯ ಕಡೆಯ ಹೊಲಗಳಿಗೆ ನೀರು ತರುತ್ತದೆ. ಮೇಲಿನ ಹೊಲದವರೆಲ್ಲ ಮನಬಂದಂತೆ ತೂಬು ತೆರೆದುಕೊಂಡರೆ ಕಾಲುವೆಯ ಕೊನೆಯಲ್ಲಿರುವವನ ಹೊಲಕ್ಕೆ ಹನಿ ನೀರೂ ತಲುಪದು. ಆದುದರಿಂದಲೇ ಪಾಳಿಯ ಪದ್ಧತಿ ಹುಟ್ಟಿತು: ಇಂಥವನಿಗೆ ಇಂಥ ಹೊತ್ತು, ಅವನ ಪಾಳಿ ಮುಗಿದ ಮೇಲೆ ಮುಂದಿನವನಿಗೆ. ಹೆದ್ದಾರಿಗೂ ಇಂತಹ ಪಾಳಿಯನ್ನು ಗೊತ್ತುಮಾಡಿದ ಮೊದಲಿಗರು ಅಮೆರಿಕೆಯ ಶಿಕಾಗೋ ನಗರದವರು. 1963ರಲ್ಲಿ ಅಲ್ಲಿನ ಐಸೆನ್‌ಹೋವರ್ ಎಕ್ಸ್‌ಪ್ರೆಸ್ ಹೆದ್ದಾರಿಗೆ ಏರುವ ದಾರಿಯಲ್ಲಿ ವಾಹನಗಳನ್ನು ತಡೆದು, ಒಂದೊಂದಾಗಿ ಬಿಡಲಾಯಿತು. ಮುಂದೆ ಈ ಕೆಲಸವನ್ನು ಅನೇಕ ನಗರಗಳಲ್ಲಿ ದೀಪಗಳಿಗೆ ವಹಿಸಲಾಯಿತು. ಹಸಿರು ದೀಪ ಬೆಳಗಿದರೆ ಒಂದು ವಾಹನ ಮಾತ್ರ ಮುಂದೆ ಸಾಗಬೇಕು, ಮರುಕ್ಷಣ ಕೆಂಪು.

ಪಾಳಿ ಕಾಯುವವನಿಗೆ ಬೇಸರವಾಗುವುದು ಸಹಜವಷ್ಟೆ. ಮಿನೆಸೋಟಾ ರಾಜ್ಯದ ಮಿನಿಯಾಪೊಲಿಸ್ ಮತ್ತು ಸೇಂಟ್ ಪಾಲ್ ಅವಳಿ ನಗರಗಳಲ್ಲಿ ಇಂತಹ ಸುಮಾರು 430 ದೀಪಗಳಿದ್ದವು. ಇವು ನಿಜವಾಗಿ ಉಪಯುಕ್ತವೇ ಎಂಬ ಸಂಶಯ ಜನರಲ್ಲಿ ಬೆಳೆಯಿತು. ಅಲ್ಲಿನ ಶಾಸನಸಭೆಯ ಆದೇಶದಂತೆ 2000ನೆಯ ಇಸವಿಯಲ್ಲಿ ಕೆಲವು ವಾರಗಳ ಕಾಲ ದೀಪಗಳನ್ನೆಲ್ಲ ಆರಿಸಿ ಪರೀಕ್ಷೆ ಮಾಡಲಾಯಿತು. ಹೆದ್ದಾರಿಯಲ್ಲಿ ಸಾಗಿದ ವಾಹನಗಳ ಸಂಖ್ಯೆ ಶೇಕಡಾ 9ರಷ್ಟು ಇಳಿಯಿತು. ಪ್ರಯಾಣದ ಕಾಲ ಶೇಕಡಾ 22ರಷ್ಟು, ಅಪಘಾತಗಳು ಶೇಕಡಾ 26ರಷ್ಟು ಹೆಚ್ಚಿದವು. ದೀಪಗಳನ್ನು ಮತ್ತೆ ಬೆಳಗಿಸಲಾಯಿತು. ಆದರೆ ಜನರ ದೂರನ್ನೂ ಅಲ್ಲಗಳೆಯಲಿಲ್ಲ. ಊರೊಳಗಿನಿಂದ ಹೆದ್ದಾರಿಗೆ ಏರುವ ದಾರಿಗಳಲ್ಲಿ ಯಾರೂ 4 ನಿಮಿಷಕ್ಕಿಂತ ಹೆಚ್ಚು ಕಾಯುವಂತಾಗಬಾರದೆಂದು ಮಿತಿ ಹಾಕಲಾಯಿತು. ಪಾಳಿ ಇರಬೇಕು, ಆದರೆ ಅದು ಒಬ್ಬನಿಗೇ ಭಾರವಾಗಬಾರದು ಎಂಬ ನ್ಯಾಯ ಇದರಲ್ಲಿ ಅಡಗಿದೆ.

ಮೂರನೆಯ ಉಪಾಯ ಪಥಗಳ ದಿಕ್ಕನ್ನೇ ಬದಲಾಯಿಸುವುದು. ನಗರದ ಸಂಚಾರ ಬೆಳಿಗ್ಗೆ ಒಂದು ಕಡೆಗೆ ಹೆಚ್ಚು, ಸಂಜೆ ಇನ್ನೊಂದು ಕಡೆಗೆ ಹೆಚ್ಚು. ಸ್ಯಾನ್ ಫ್ರಾನ್ಸಿಸ್ಕೋ ನಗರದ ಗೋಲ್ಡನ್ ಗೇಟ್ ಸೇತುವೆಗೆ ಇರುವುದು 6 ಪಥಗಳು. ಸಮುದ್ರದ ಮೇಲೆ ತೂಗುವ ಸೇತುವೆಯನ್ನು ಅಗಲಗೊಳಿಸುವುದು ಸಾಧ್ಯವಿರಲಿಲ್ಲ. ಆದುದರಿಂದ 1963ರಿಂದ ಬೆಳಗಿನ ಹೊತ್ತು ನಗರದತ್ತ 4 ಪಥಗಳನ್ನೂ ಎದುರು ದಿಕ್ಕಿಗೆ 2 ಪಥಗಳನ್ನೂ ಬಿಡುವ ಪದ್ಧತಿ ಬಂದಿತು. ಉಳಿದ ಹೊತ್ತಿನಲ್ಲಿ ಅಗತ್ಯವರಿತು ಹಂಚಿಕೆ ಬದಲಾಗುತ್ತಿತ್ತು. ಎರಡು ದಿಕ್ಕುಗಳ ನಡುವಿನ ಗೆರೆಯನ್ನು ತೋರಲು ಕೆಲಸಗಾರರು ವಾಹನದ ಮೇಲೆ ನಿಂತು ಪ್ಲಾಸ್ಟಿಕ್ ಕೊಳವೆಗಳನ್ನು ಕೈಯಿಂದ ನೆಡುತ್ತಿದ್ದರು. ಆದರೆ ಆ ಕೊಳವೆಗಳು ದಾರಿ ತಪ್ಪಿದ ಕಾರನ್ನು ತಡೆಯಲಾರವು. ಎದುರುಬದುರು ಡಿಕ್ಕಿಯಾಗಿ ಜೀವಹಾನಿಯೂ ಸಂಭವಿಸುತ್ತಿತ್ತು. ಕೊನೆಗೆ 2015ರ ಜನವರಿಯಲ್ಲಿ ಚಲಿಸಬಲ್ಲ ಗಟ್ಟಿ ತಡೆಗೋಡೆಯನ್ನು ಅಲ್ಲಿ ಅಳವಡಿಸಲಾಯಿತು. ವಿಶೇಷ ವಾಹನವೊಂದು ಮುಂದೆ ಸಾಗುತ್ತಾ ಕೊಂಡಿ ಕೊಂಡಿಯಾದ ಆ ಗೋಡೆಯನ್ನು ಎತ್ತಿ ಪಕ್ಕದ ಪಥಕ್ಕೆ ಸರಿಸುತ್ತದೆ. ಸೇತುವೆ ಅಷ್ಟೇ ಅಗಲವಾಗಿದ್ದರೂ ಬೆಳಿಗ್ಗೆ ಒಂದು ಬಗೆಯಾಗಿ, ಬಳಿಕ ಇನ್ನೊಂದು ಬಗೆಯಾಗಿ ದುಡಿಯುತ್ತದೆ.

ನಾಲ್ಕನೆಯ ಉಪಾಯದ ಕಥೆಯಲ್ಲಿ ಲಾಭದೊಡನೆ ಎಚ್ಚರಿಕೆಯೂ ಇದೆ. ದೊಡ್ಡ ಹೆದ್ದಾರಿಗಳ ಅಂಚಿನಲ್ಲಿ ಒಂದು ತುರ್ತು ಪಥವಿರುತ್ತದೆ. ಕೆಟ್ಟುನಿಂತ ವಾಹನಕ್ಕೆ ಅದು ಆಸರೆ; ಆಂಬುಲೆನ್ಸಿಗೆ ಅದು ದಾರಿ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಬಳಿಯ ಎಂ 42 ಹೆದ್ದಾರಿಯ ಸುಮಾರು 17 ಕಿಲೋಮೀಟರ್ ಉದ್ದದಲ್ಲಿ 2006ರಿಂದ ದಟ್ಟಣೆಯ ಹೊತ್ತು ಈ ಪಥವನ್ನೂ ಸಂಚಾರಕ್ಕೆ ತೆರೆಯಲಾಯಿತು. ಅಲ್ಲಿ ವ್ಯವಸ್ಥೆ ಅಚ್ಚುಕಟ್ಟಾಗಿತ್ತು. ಸುಮಾರು ಅರ್ಧ ಕಿಲೋಮೀಟರಿಗೊಂದರಂತೆ ಸೂಚನಾಫಲಕದ ಕಮಾನುಗಳು, ಸಮೀಪದಲ್ಲೇ ಕೆಟ್ಟ ವಾಹನ ನಿಲ್ಲಲು ತಂಗುದಾಣಗಳು, ಎಲ್ಲವನ್ನೂ ವೀಕ್ಷಿಸುವ ಕ್ಯಾಮೆರಾಗಳು ಇದ್ದವು. ಪ್ರಯೋಗ ಸಫಲವಾಯಿತು. ಆದರೆ ಅದೇ ಉತ್ಸಾಹದಲ್ಲಿ ಮುಂದೆ ನಿರ್ಮಿಸಿದ ಅನೇಕ ಹೆದ್ದಾರಿಗಳಲ್ಲಿ ತುರ್ತು ಪಥವನ್ನು ಹೊತ್ತಿಗೆ ತಕ್ಕಂತೆ ತೆರೆಯುವ ಬದಲು ಶಾಶ್ವತವಾಗಿಯೇ ಸಂಚಾರಕ್ಕೆ ಸೇರಿಸಲಾಯಿತು. ತಂಗುದಾಣಗಳ ನಡುವಿನ ದೂರವೂ ಹೆಚ್ಚಿತು. ನಡುದಾರಿಯಲ್ಲಿ ಕೆಟ್ಟುನಿಂತ ಕಾರುಗಳಿಗೆ ಹಿಂದಿನಿಂದ ವಾಹನಗಳು ಡಿಕ್ಕಿ ಹೊಡೆದು ಕೆಲವರು ಪ್ರಾಣ ಕಳೆದುಕೊಂಡರು. ಮಡಿದವರ ಮನೆಯವರು ದನಿಯೆತ್ತಿದರು. 2023ರ ಏಪ್ರಿಲ್‌ನಲ್ಲಿ ಬ್ರಿಟಿಷ್ ಸರ್ಕಾರ ಇಂತಹ ಹೊಸ ಹೆದ್ದಾರಿಗಳ ಯೋಜನೆಯನ್ನು ಕೈಬಿಟ್ಟಿತು. ಆಪತ್ತಿಗೆಂದು ಬಿಟ್ಟ ಜಾಗವನ್ನು ಲಾಭದ ಲೆಕ್ಕಕ್ಕೆ ಸೇರಿಸಿಕೊಂಡರೆ ಆಪತ್ತು ಬಂದಾಗ ನಿಲ್ಲಲು ನೆಲೆ ಇಲ್ಲದಾಗುತ್ತದೆ.

ಕರ್ನಾಟಕದಲ್ಲಿಯೂ ಈ ವಿಚಾರಗಳು ಒಂದೊಂದಾಗಿ ಕಾಲೂರುತ್ತಿವೆ. ಬೆಂಗಳೂರಿನ ಅನೇಕ ಕೂಡುರಸ್ತೆಗಳಲ್ಲಿ 2024ರಿಂದೀಚೆಗೆ ಹೊಸ ಬಗೆಯ ಸಿಗ್ನಲ್‌ಗಳು ಬಂದಿವೆ. ಇವು ಗಡಿಯಾರದ ಮುಳ್ಳಿನಂತೆ ಒಂದೇ ಲೆಕ್ಕದಲ್ಲಿ ಬದಲಾಗುವುದಿಲ್ಲ. ಯಾವ ದಿಕ್ಕಿನಲ್ಲಿ ಎಷ್ಟು ವಾಹನಗಳು ಕಾದಿವೆ ಎಂಬುದನ್ನು ಕ್ಯಾಮೆರಾಗಳ ಮೂಲಕ ಅರಿತು ಹಸಿರು ದೀಪದ ಅವಧಿಯನ್ನು ಹಿಗ್ಗಿಸುತ್ತವೆ ಇಲ್ಲವೆ ಕುಗ್ಗಿಸುತ್ತವೆ. ಸುಮಾರು 118 ಕಿಲೋಮೀಟರ್ ಉದ್ದದ ಬೆಂಗಳೂರು–ಮೈಸೂರು ಹೆದ್ದಾರಿ 2023ರ ಮಾರ್ಚ್ 12ರಂದು ಉದ್ಘಾಟನೆಗೊಂಡಿತು. ಅದರ ನಡುವಿನ 6 ಪಥಗಳು ವೇಗದ ವಾಹನಗಳಿಗೆ ಮೀಸಲು, ಇಕ್ಕೆಲಗಳಲ್ಲಿ ಸೇವಾರಸ್ತೆಗಳಿವೆ. ಆರಂಭದ ತಿಂಗಳುಗಳಲ್ಲಿ ಅಲ್ಲಿ ಅಪಘಾತಗಳು ಮೇಲಿಂದ ಮೇಲೆ ಸಂಭವಿಸಿದವು. 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನ, ಆಟೋರಿಕ್ಷಾ, ಟ್ರ್ಯಾಕ್ಟರು ಮೊದಲಾದವು ನಡುವಿನ ಪಥಗಳನ್ನು ಪ್ರವೇಶಿಸದಂತೆ ನಿಷೇಧಿಸಲಾಯಿತು. ವೇಗವನ್ನು ಅಳೆದು ವಾಹನದ ಸಂಖ್ಯೆಯನ್ನು ಗುರುತಿಸುವ ಕ್ಯಾಮೆರಾಗಳೂ ಬಂದವು. ಗಂಟೆಗೆ 100 ಕಿಲೋಮೀಟರ್ ವೇಗದ ಕಾರೂ 20 ಕಿಲೋಮೀಟರ್ ವೇಗದ ಟ್ರ್ಯಾಕ್ಟರೂ ಒಂದೇ ಪಥದಲ್ಲಿ ಸಾಗುವುದು ಅಪಾಯವೆಂಬುದೇ ಇದಕ್ಕೆ ಕಾರಣ. ಆದರೆ ನಿಧಾನವಾಗಿ ಸಾಗುವವನನ್ನು ಒಂದು ದಾರಿಯಿಂದ ತೆಗೆಯಬೇಕಾದರೆ ಅವನಿಗೆ ಇನ್ನೊಂದು ದಾರಿಯನ್ನು ಕೊಡಲೇಬೇಕು. ಎಡೆಬಿಡದ ಸೇವಾರಸ್ತೆಯಿದ್ದಾಗ ಮಾತ್ರ ಇಂತಹ ನಿಷೇಧ ನ್ಯಾಯವೆನಿಸುತ್ತದೆ.

ಜಮಖಂಡಿಯ ಸೀಮೆಯ ರಸ್ತೆಗಳ ಪಾಡು ಬೇರೆ. ಇಲ್ಲಿ ಹೆಚ್ಚಿನ ದಾರಿಗಳಲ್ಲಿ ಹೋಗುವವನಿಗೂ ಬರುವವನಿಗೂ ಒಂದೊಂದೇ ಪಥ. ಟ್ರ್ಯಾಕ್ಟರನ್ನು ಇಲ್ಲಿಂದ ಹೊರಗಿಡುವಂತಿಲ್ಲ. ಈ ನಾಡಿನ ಬದುಕೇ ಅದರ ಹಿಂದಿನ ಟ್ರೇಲರಿನಲ್ಲಿದೆ. ಕಮಾನುಗಳೂ ಕಂಪ್ಯೂಟರುಗಳೂ ಇಲ್ಲದಿರುವಲ್ಲಿ ಈ ಶಾಸ್ತ್ರದಿಂದ ಏನು ಪ್ರಯೋಜನವೆಂದು ಕೇಳಬಹುದು. ಉಪಕರಣಗಳು ಬೇರೆಯಾದರೂ ತತ್ತ್ವ ಒಂದೇ. ಕಬ್ಬು ಕಡಿಯುವ ದಿನ ಮತ್ತು ಕಾರ್ಖಾನೆಗೆ ಸಾಗಿಸುವ ಹೊತ್ತು ಪಾಳಿಯಂತೆ ನಡೆದರೆ ಕಾರ್ಖಾನೆಯ ಬಾಗಿಲಿನ ಸಾಲು ರಸ್ತೆಯವರೆಗೆ ಬೆಳೆಯುವುದಿಲ್ಲ. ಇದರಲ್ಲಿ ರೈತನ ಹಿತವೂ ಇದೆ. ಕಡಿದ ಕಬ್ಬು ಕಾದಷ್ಟೂ ಒಣಗಿ ತೂಕ ಕಳೆದುಕೊಳ್ಳುತ್ತದೆ. ಅದರೊಳಗಿನ ಸಕ್ಕರೆಯ ಅಂಶವೂ ಇಳಿಯುತ್ತದೆ. ಶಾಲೆ ಆರಂಭವಾಗುವ ಹಾಗೂ ಬಿಡುವ ಹೊತ್ತಿನಲ್ಲಿ ಪೇಟೆಯೊಳಗೆ ಹೇರು ವಾಹನಗಳನ್ನು ತಡೆದು, ಬಳಿಕ ಬಿಡುವುದು ಕೂಡ ಹೊತ್ತಿಗೆ ತಕ್ಕ ದಾರಿಯ ಹಂಚಿಕೆಯೇ ಆಗಿದೆ.

ಇನ್ನೊಂದು ಲೆಕ್ಕವನ್ನು ಪ್ರತಿಯೊಬ್ಬ ವಿದ್ಯಾರ್ಥಿಯೂ ಮಾಡಿ ನೋಡಬಹುದು. ರಾತ್ರಿ ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಬರುವ ಕಾರಿನ ಮುಂದೆ 20 ಕಿಲೋಮೀಟರ್ ವೇಗದಲ್ಲಿ ಟ್ರ್ಯಾಕ್ಟರು ಸಾಗುತ್ತಿದೆ ಎಂದಿಟ್ಟುಕೊಳ್ಳೋಣ. ವೇಗಗಳ ಅಂತರ ಗಂಟೆಗೆ 60 ಕಿಲೋಮೀಟರ್, ಅಂದರೆ ಸೆಕೆಂಡಿಗೆ ಸುಮಾರು 17 ಮೀಟರ್. ಹಿಂದಿನ ಟ್ರೇಲರಿಗೆ ದೀಪವಿಲ್ಲ. ಕಬ್ಬಿನ ರವದಿ ಇಳಿಬಿದ್ದು ಅದರ ಹಿಂಭಾಗವನ್ನು ಮುಚ್ಚಿದೆ. ಚಾಲಕನಿಗೆ ಅದು 50 ಮೀಟರ್ ಹತ್ತಿರಕ್ಕೆ ಬಂದಾಗ ಕಂಡರೆ ಅವನಿಗೆ ಉಳಿಯುವ ಕಾಲ 3 ಸೆಕೆಂಡು. ಬೆಳಕಿಗೆ ಹೊಳೆಯುವ ಕೆಂಪು ಪಟ್ಟಿಯನ್ನು ಟ್ರೇಲರಿನ ಹಿಂದೆ ಅಂಟಿಸಿದ್ದು, ಅದು 150 ಮೀಟರ್ ದೂರದಿಂದಲೇ ಕಂಡರೆ 9 ಸೆಕೆಂಡು. ಜೀವಕ್ಕೂ ಸಾವಿಗೂ ನಡುವೆ ನಿಂತಿರುವುದು ಆ 6 ಸೆಕೆಂಡುಗಳು. ಮುಂದಿರುವ ಅಪಾಯವನ್ನು ಮೊದಲೇ ತಿಳಿಸುವುದು ಲಂಡನ್ನಿನ ಕಮಾನಿನ ಕೆಲಸ. ಮುಧೋಳದ ದಾರಿಯಲ್ಲಿ ಅದೇ ಕೆಲಸವನ್ನು ಗೇಣುದ್ದದ ಪಟ್ಟಿಯೊಂದು ಮಾಡುತ್ತದೆ.

ಕೂಡಿ ದುಡಿಯುವುದರಲ್ಲಿ ಈ ನಾಡಿನ ಜನ ಯಾರಿಗೂ ಕಡಿಮೆಯಲ್ಲ. ಜಮಖಂಡಿ ತಾಲೂಕಿನ ಚಿಕ್ಕಪಡಸಲಗಿಯ ಬಳಿ ಕೃಷ್ಣೆಗೆ ಅಡ್ಡಲಾಗಿ ನಿಂತಿರುವ ಬ್ಯಾರೇಜು ಅದಕ್ಕೆ ಸಾಕ್ಷಿ. ಬೇಸಿಗೆಯಲ್ಲಿ ಬತ್ತುತ್ತಿದ್ದ ನದಿಯ ನೀರನ್ನು ಹಿಡಿದಿಡಲು ರೈತರು ತಾವೇ ಹಣ ಕೂಡಿಸಿ, ಶ್ರಮದಾನ ಮಾಡಿ 1989ರಲ್ಲಿ ಅದನ್ನು ಕಟ್ಟಿ ಮುಗಿಸಿದರು. ಶ್ರಮಬಿಂದು ಸಾಗರ ಎಂಬ ಹೆಸರು ಅವರ ಬೆವರಿಗೆ ಸಂದ ಗೌರವ. ಆ ಕಾರ್ಯದ ಮುಂದಾಳಾಗಿದ್ದ ಸಿದ್ದು ನ್ಯಾಮಗೌಡರು ಮುಂದೆ ಕೇಂದ್ರದಲ್ಲಿ ಮಂತ್ರಿಗಳೂ ಆದರು. ನೀರಿನ ಹರಿವಿಗೆ ಹದ ಕಲಿಸಿದ ಆ ಹಿರಿಯರು 2018ರ ಮೇ 28ರಂದು, ಜಮಖಂಡಿಯ ಶಾಸಕರಾಗಿ ಮತ್ತೆ ಆಯ್ಕೆಯಾದ ಕೆಲವೇ ದಿನಗಳಲ್ಲಿ, ಬಾಗಲಕೋಟೆ ಜಿಲ್ಲೆಯ ತುಳಸಿಗೇರಿಯ ಬಳಿ ರಸ್ತೆ ಅಪಘಾತದಲ್ಲಿ ಅಸುನೀಗಿದರು. ರಸ್ತೆ ಹಿರಿಯರು ಕಿರಿಯರೆಂದು ನೋಡುವುದಿಲ್ಲ. ಸಾಧನೆ ಮಾಡಿದವರೆಂದು ಕರುಣೆ ತೋರುವುದೂ ಇಲ್ಲ.

ನದಿಯ ನೀರಿಗೆ ಬಾಗಿಲುಗಳನ್ನಿಟ್ಟು, ಕಾಲುವೆಯ ನೀರಿಗೆ ಪಾಳಿ ಹಾಕಿ ಬದುಕು ಕಟ್ಟಿಕೊಂಡ ಜನರಿಗೆ ದಾರಿಯ ಪಾಳಿ ಹೊಸದೇನೂ ಅಲ್ಲ. ಕಾಲುವೆಯಲ್ಲಿ ಒಬ್ಬನು ಪಾಳಿ ತಪ್ಪಿಸಿದರೆ ಇನ್ನೊಬ್ಬನ ಬೆಳೆ ಒಣಗುತ್ತದೆ. ರಸ್ತೆಯಲ್ಲಿ ಒಬ್ಬನು ಪಾಳಿ ತಪ್ಪಿಸಿದರೆ ಇನ್ನೊಬ್ಬನ ಮನೆಯ ದೀಪ ಆರುತ್ತದೆ. ಯಂತ್ರಗಳು ವಾಹನಗಳನ್ನು ಎಣಿಸಬಲ್ಲವು, ವೇಗದ ಅಂಕಿಯನ್ನು ಬೆಳಗಿಸಬಲ್ಲವು. ಆ ಅಂಕಿಯನ್ನು ಕಂಡು ಕಾಲನ್ನು ತಗ್ಗಿಸಬೇಕಾದವನು ಮನುಷ್ಯನೇ. ಮುಂದಿನ ಹಂಗಾಮಿನಲ್ಲಿ ಕಬ್ಬಿನ ಟ್ರೇಲರಿನ ಹಿಂದೆ ಕೆಂಪು ಪಟ್ಟಿಯೊಂದು ಇರುಳಿನಲ್ಲಿ ಹೊಳೆದರೆ, ಅದನ್ನು ಕಂಡ ಚಾಲಕನೊಬ್ಬನು ವೇಗ ತಗ್ಗಿಸಿ ತನ್ನ ಪಾಳಿಗೆ ಕಾದರೆ, ಅಲ್ಲಿಗೆ ರಸ್ತೆ ಒಂದು ಗೇಣೂ ಅಗಲವಾಗದೆ ಎಲ್ಲರಿಗೂ ಸಾಕಾಗುವಷ್ಟು ದೊಡ್ಡದಾಗುತ್ತದೆ.